ಎರಡು ಕುದುರೆಗಳ ರಕ್ಷಣೆ: ಕಪ್ಪು ಕಾಯಿಗಳಿಂದ ಪಂದ್ಯಾವಳಿಯಲ್ಲಿ ಆಡುವ ಬಗೆ

ಚದುರಂಗದಲ್ಲಿ ಬಿಳಿಯವರ ಒಂಟೆ ಸಿ4ಕ್ಕೆ (ಅಕ್ಷರ ಹಲಗೆಯ ಉದ್ದಸಾಲನ್ನೂ ಅಂಕಿ ಅಡ್ಡಸಾಲನ್ನೂ ಸೂಚಿಸುತ್ತದೆ) ಬಂದ ಮೇಲೆ ಮೂರನೆಯ ನಡೆಯಲ್ಲಿ ಎರಡನೆಯ ಕುದುರೆಯನ್ನೂ ಎಫ್6ಕ್ಕೆ ಹೊರತರುವವರು, ಎದುರಾಳಿಯ ಕುದುರೆ ಕೂಡಲೇ ಜಿ5ಕ್ಕೆ ಜಿಗಿದು ಒಂಟೆಯ ಜೊತೆಗೂಡಿ ಎಫ್7ರ ಮೇಲೆ ಕಣ್ಣಿಡುವ ಸಂದರ್ಭಕ್ಕೆ ಮನೆಯಲ್ಲೇ ಸಿದ್ಧರಾಗಿರಬೇಕು. ಗಡಿಯಾರ ಓಡುತ್ತಿರುವಾಗ ಇದಕ್ಕೆ ಉತ್ತರ ಹುಡುಕಲು ಹೊರಡುವುದು ಅಪಾಯಕರ.

ಮೊದಲು ಪದಾತಿಯನ್ನು ಡಿ5ಕ್ಕೆ ನಡೆಸಿ ಒಂಟೆಯ ದಾರಿಯನ್ನು ಮುಚ್ಚಬೇಕು. ಬಿಳಿಯವರು ಅದನ್ನು ಹೊಡೆದೊಡನೆ ನಿಮ್ಮ ಕೈ ತಾನಾಗಿಯೇ ಎಫ್6ರ ಕುದುರೆಯ ಕಡೆ ಹೋಗುತ್ತದೆ. ಮುಟ್ಟಿದ ಕಾಯಿಯನ್ನೇ ನಡೆಸಬೇಕೆಂಬ ನಿಯಮವಿರುವುದರಿಂದ ಕೈಗಳನ್ನು ಆ ಹೊತ್ತಿನಲ್ಲಿ ಮಡಿಲಲ್ಲೇ ಇಟ್ಟುಕೊಳ್ಳಿ. ಕುದುರೆಯಿಂದ ಮರುಹೊಡೆದರೆ ಬಿಳಿಯವರು ಎಫ್7ರಲ್ಲಿ ಕುದುರೆಯನ್ನು ಬಲಿಕೊಟ್ಟು, ರಾಣಿಯನ್ನು ಎಫ್3ಕ್ಕೆ ತಂದು ರಾಜನಿಗೆ ಚೆಕ್ ಕೊಡುತ್ತಾರೆ. ಡಿ5ರ ಕುದುರೆಯನ್ನು ಕಾಯಲು ರಾಜನೇ ಇ6ಕ್ಕೆ, ಅಂದರೆ ನಡುಬಯಲಿಗೆ, ಬರಬೇಕಾಗುತ್ತದೆ. ‘ಫ್ರೈಡ್ ಲಿವರ್’ ಎಂದು ಹೆಸರಾದ ಈ ದಾಳಿಯನ್ನು ಹಲಗೆಯ ಮುಂದೆ ಕುಳಿತು ತಡೆದುಕೊಳ್ಳುವುದು ಬಹಳ ಕಷ್ಟ.

ಹೊಡೆಯುವ ಬದಲು ಸಿ6ರ ಕುದುರೆಯನ್ನು ಎ5ಕ್ಕೆ ನಡೆಸಿ ಒಂಟೆಯನ್ನು ಕೆಣಕಿ. ಬಿ5ರಿಂದ ಚೆಕ್ ಬಂದರೆ ಸಿ ಪದಾತಿಯನ್ನು ಅಡ್ಡ ತಂದು, ಅವರು ಹೊಡೆದ ಮೇಲೆ ಬಿ ಪದಾತಿಯಿಂದ ಮರಳಿ ಹೊಡೆಯಿರಿ. ಒಂದು ಪದಾತಿ ಹೋಯಿತೆಂದು ಕಳವಳಪಡಬೇಡಿ. ಒಂಟೆ ಇ2ಕ್ಕೆ ಸರಿದರೆ ಎಚ್6ರ ಪದಾತಿಯಿಂದ ಕುದುರೆಯನ್ನು ಓಡಿಸಿ, ಅದು ಎಫ್3ಕ್ಕೆ ಬಂದೊಡನೆ ಇ ಪದಾತಿಯನ್ನು ಇ4ಕ್ಕೆ ತಳ್ಳಿ ಮತ್ತೆ ಓಡಿಸಬಹುದು. ಕಳೆದುಕೊಂಡ ಪದಾತಿಗೆ ಪ್ರತಿಯಾಗಿ ಸಿಗುವುದು, ಎದುರಾಳಿ ಕುದುರೆಯನ್ನು ಮತ್ತೆ ಮತ್ತೆ ಸರಿಸುವಾಗ ನಿಮಗೆ ಉಳಿಯುವ ಈ ಕಾಲವೇ. ಒಂಟೆ ಡಿ3ಕ್ಕೆ ಹೋದರೆ ಮಾತ್ರ ಎಚ್ಚರ ಬೇಕು: ತನ್ನದೇ ಡಿ ಪದಾತಿಗೆ ಅಡ್ಡ ನಿಂತಂತೆ ಕಂಡರೂ, ಅದು ಕುದುರೆಗೆ ಇ4ರಲ್ಲಿ ನೆಲೆ ಒದಗಿಸುತ್ತದೆ.

ಕುದುರೆ ಎಫ್3ರ ಬದಲು ಎಚ್3ಕ್ಕೆ ಹಿಂದೆ ಸರಿಯುವುದೂ ಉಂಟು. 1890-91ರಲ್ಲಿ ತಂತಿಯ ಮೂಲಕ ನಡೆದ ಆಟದಲ್ಲಿ ಆಗಿನ ವಿಶ್ವ ಚಾಂಪಿಯನ್ ಸ್ಟೈನಿಟ್ಜ್ ಹೀಗೆ ಆಡಿ ರಷ್ಯಾದ ಚಿಗೋರಿನ್‌ಗೆ ಸೋತರು. 1963ರಲ್ಲಿ ಅಮೆರಿಕದ ಫಿಷರ್ ಅದೇ ನಡೆಯಿಂದ ತಮ್ಮ ದೇಶದವರೇ ಆದ ಬಿಸ್ಗೈಯರ್ ಅವರನ್ನು ಸೋಲಿಸಿದರು. ಈ ಎರಡು ಆಟಗಳನ್ನು ಅಕ್ಕಪಕ್ಕದಲ್ಲಿಟ್ಟು ಆಡಿ ನೋಡುವುದು, ಇಪ್ಪತ್ತು ನಡೆಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಹೆಚ್ಚು ಫಲಕಾರಿ ಎಂಬುದು ನನ್ನ ದೃಢವಾದ ನಂಬಿಕೆ.

ಕುದುರೆಯನ್ನು ಓಡಿಸಿದ ಬಳಿಕ ತಡಮಾಡದೆ ಕ್ಯಾಸ್ಲಿಂಗ್ (ರಾಜನನ್ನು ಆನೆಯ ಕಡೆ ಸರಿಸಿ ಭದ್ರಪಡಿಸುವ ನಡೆ) ಮಾಡಿ, ಆನೆಯನ್ನು ಇ8ಕ್ಕೆ ತಂದು, ಬಿಳಿಯ ರಾಜನತ್ತ ತಿರುಗಿ. ಅಂಚಿನಲ್ಲಿ ಉಳಿದ ಎ5ರ ಕುದುರೆಯನ್ನು ಮರೆತರೆ, ಪದಾತಿ ಕಡಿಮೆಯಿರುವ ಅಂತ್ಯದಾಟದಲ್ಲಿ ಅದೇ ನಿಮಗೆ ಹೊರೆಯಾಗುತ್ತದೆ.