ಡಾರ್ಟ್‌ಮೂರ್‌ನ ಫರ್ ಟಾರ್ ಹತ್ತುವವರ ಗಮನಕ್ಕೆ

ಇಂಗ್ಲೆಂಡಿನ ಡೆವನ್ ಕೌಂಟಿಯ ಡಾರ್ಟ್‌ಮೂರ್‌ನಲ್ಲಿರುವ ಫರ್ ಟಾರ್ ಕೇವಲ 572 ಮೀಟರ್ ಎತ್ತರದ ಗುಡ್ಡವಾದರೂ, ರಸ್ತೆಯಿಂದ ಬಹು ದೂರವಿರುವುದರಿಂದ ಇಡೀ ದಿನವನ್ನು ಅದಕ್ಕೇ ಮೀಸಲಿಡಿ. ಅದು ಸೇನೆಯ ಗುಂಡಿನ ಅಭ್ಯಾಸದ ವಲಯದೊಳಗಿರುವ ಕಾರಣ, ಹೊರಡುವ ಮುನ್ನ ಅಭ್ಯಾಸದ ವೇಳಾಪಟ್ಟಿಯನ್ನು ತಪ್ಪದೇ ನೋಡಿಕೊಳ್ಳಿ. ಕೆಂಪು ಬಾವುಟ ಹಾರುತ್ತಿದ್ದರೆ ಗಡಿ ದಾಟಲೇಬಾರದು.

ನನ್ನ ಮಟ್ಟಿಗೆ, ಗುಡ್ಡದ ಏರಿಗಿಂತ ಸುತ್ತಲಿನ ಜೌಗು ನೆಲವೇ ಹೆಚ್ಚು ಕಷ್ಟದ್ದು. ಹತ್ತಿಯಂಥ ಬಿಳಿ ತುರಾಯಿ ತೂಗುವ ಹುಲ್ಲು ಕಂಡಲ್ಲಿ ನೆಲ ಒದ್ದೆಯಾಗಿದೆಯೆಂದು ತಿಳಿಯಿರಿ. ಕಣ್ಣಿಗೆ ಹಿತವೆನಿಸುವ ಎಳೆಹಸಿರು ಪಾಚಿಯ ಹಾಸಿನ ಮೇಲಂತೂ, ಒಂದೇ ಹೆಜ್ಜೆಗೆ ಮೊಣಕಾಲವರೆಗೆ ಹೂತುಹೋಗಬಹುದಾದ್ದರಿಂದ, ಊರುಗೋಲಿನಿಂದ ಚುಚ್ಚಿ ನೋಡದೆ ಕಾಲಿಡಬೇಡಿ. ಮಂಜು ಕವಿದರೆ ಹತ್ತು ಮಾರು ದೂರದ ಬಂಡೆಯೂ ಕಾಣದಾಗುತ್ತದೆ. ಆಗ ಮೊಬೈಲನ್ನೊಂದೇ ನಂಬದೆ, ಕಾಗದದ ನಕ್ಷೆ ಮತ್ತು ದಿಕ್ಸೂಚಿಯನ್ನು ಜೊತೆಗಿಟ್ಟುಕೊಂಡಿರಿ.