ಟ್ಯಾಂಕ್ ತುಂಬೋಕೆ ಎಷ್ಟು ನಿಮಿಷ?

ಹಾಸನಾಂಬೆಯ ಬಾಗಿಲು ತೆಗೆಯೋ ದಿನಗಳಲ್ಲಿ ಹಾಸನದ ಮನೆಗಳಲ್ಲೆಲ್ಲ ನೆಂಟರು. ವರ್ಷಕ್ಕೊಮ್ಮೆ ಆಶ್ವಯುಜದಲ್ಲಿ ದರ್ಶನ, ಬಲಿಪಾಡ್ಯಮಿ ಕಳೆದ ಮೇಲೆ ಬಾಗಿಲು ಹಾಕಿದರೆ ಮತ್ತೆ ಮುಂದಿನ ವರ್ಷವೇ. ಆ ಸಲ ವಿದ್ಯಾನಗರದ ನಮ್ಮ ಮನೆಗೆ ಚಿಕ್ಕಮ್ಮನ ಮನೆಯವರು, ಅತ್ತಿಗೆಯ ತವರಿನವರು ಸೇರಿ ಹದಿಮೂರು ಜನ ಬರುವವರಿದ್ದರು. ಇನ್ನು ನಾಲ್ಕು ದಿನ ಇದೆ ಅನ್ನುವಾಗ ಸಂಪಿನ ಮೋಟಾರ್ ಕೈಕೊಟ್ಟಿತು.

ಪೂರ್ತಿ ನಿಂತಿರಲಿಲ್ಲ. ಓಡುತ್ತಿತ್ತು. ಆದರೆ ಮೇಲಿನ ಸಿಂಟೆಕ್ಸ್‌ಗೆ ನೀರು ಬುಸ್ ಬುಸ್ ಅಂತ ಗಾಳಿ ಬೆರೆತು ಬೀಳುತ್ತಿತ್ತು. ನಮ್ಮದು 1 ಎಚ್‌ಪಿ ಮಾನೋಬ್ಲಾಕ್ (ಪಂಪು, ಮೋಟಾರ್ ಎರಡೂ ಒಂದೇ ಆಗಿರುವಂಥದ್ದು), ಮೇಲೆ 1,000 ಲೀಟರ್ ಟ್ಯಾಂಕ್. ಮೊದಲು 25 ನಿಮಿಷಕ್ಕೆ ತುಂಬುತ್ತಿತ್ತು. ಈಗ ಒಂದು ಗಂಟೆ ಓಡಿಸಿದರೂ ಅರ್ಧವೂ ಆಗಿರಲಿಲ್ಲ. ಹೇಮಾವತಿ ನೀರು ನಮ್ಮ ಬೀದಿಗೆ ದಿನಾ ಬರಲ್ಲ. ಸಂಪಿನಲ್ಲಿ ನೀರಿದ್ದೂ ಮೇಲಕ್ಕೆ ಏರದಿದ್ದರೆ ಎಷ್ಟು ಸಂಕಟ ಅಲ್ವಾ?

ಮೊದಲು ಬಂದ ಪ್ಲಂಬರ್ ಮೋಟಾರ್ ಪಕ್ಕ ನಿಂತು ಸದ್ದು ಕೇಳಿದರು. ಸಂಪಿನ ಮುಚ್ಚಳ ತೆಗೆಯಲೇ ಇಲ್ಲ. "ಮೋಟಾರ್ ಹಳೇದಾಗಿದೆ ಮೇಡಂ, ಎಳೆಯೋ ಶಕ್ತಿ ಇಲ್ಲ. ಹೊಸದು ಹಾಕ್ಸಿಬಿಡಿ" ಅಂದರು. ಫಿಟ್ಟಿಂಗ್ ಸೇರಿ 9 ಸಾವಿರ. ನೆಂಟರು ಬರುವ ಅವಸರದಲ್ಲಿ ನಾನು ಹೂಂ ಅನ್ನುವುದರಲ್ಲಿದ್ದೆ.

ಆಮೇಲೆ ಯೋಚನೆ ಬಂತು. ನೆಲದ ಮೇಲೆ ಕೂತ ಪಂಪು ನೀರನ್ನು ನಿಜವಾಗಿ ಎಳೆಯುವುದಿಲ್ಲ. ಅದು ಪೈಪಿನೊಳಗೆ ಒತ್ತಡ ಕಮ್ಮಿ ಮಾಡುತ್ತದೆ, ಹೊರಗಿನ ಗಾಳಿ ನೀರನ್ನು ಮೇಲಕ್ಕೆ ತಳ್ಳುತ್ತದೆ. ಹಾಸನ ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಗೂ ಜಾಸ್ತಿ ಎತ್ತರದಲ್ಲಿರುವುದರಿಂದ ಇಲ್ಲಿ ಗಾಳಿಯ ಒತ್ತಡ ಸ್ವಲ್ಪ ಕಮ್ಮಿಯೇ. ಆದರೂ ಇಪ್ಪತ್ತು ಅಡಿ ಆಳದವರೆಗೆ ತೊಂದರೆ ಇಲ್ಲ. ನಮ್ಮ ಸಂಪು ಬರೀ ಆರಡಿ! ಮೋಟಾರ್ ಸರಿಯಾಗಿ ತಿರುಗುತ್ತಿದೆ, ಸಂಪಿನಲ್ಲಿ ನೀರಿದೆ, ಮೇಲೆ ಗಾಳಿ ಬರುತ್ತಿದೆ. ಹಾಗಾದರೆ ಆ ಗಾಳಿ ಎಲ್ಲಿಂದ ಒಳಗೆ ಹೋಗುತ್ತಿದೆ? ಈ ಪ್ರಶ್ನೆಗೆ ಉತ್ತರ ಸಿಗದೆ ಹೊಸ ಮೋಟಾರ್ ತರುವುದು ಬೇಡ ಅನ್ನಿಸಿತು. ಅದೇ ಪೈಪಿಗೆ ಹೊಸದು ಕೂರಿಸಿದರೂ ಅದೇ ಗಾಳಿ ತಾನೇ?

ಬಿ.ಎಂ. ರಸ್ತೆಯ ಹಾರ್ಡ್‌ವೇರ್ ಅಂಗಡಿಗೆ ಹೋದೆ. "ಒಳ್ಳೆ ಪ್ಲಂಬರ್ ಯಾರಿದ್ದಾರೆ" ಅಂತ ಕೇಳಲಿಲ್ಲ. "ಸಕ್ಷನ್ ಲೈನ್ ಬಿಚ್ಚಿ ರಿಪೇರಿ ಮಾಡೋಕೆ ನಿಮ್ಮ ಹತ್ರ ಫುಟ್ ವಾಲ್ವ್, ಯೂನಿಯನ್ ತಗೊಂಡು ಹೋಗೋರು ಯಾರು" ಅಂತ ಕೇಳಿದೆ. ಸಕ್ಷನ್ ಲೈನ್ ಅಂದರೆ ಸಂಪಿನಿಂದ ಮೋಟಾರ್‌ಗೆ ನೀರು ಬರುವ ಪೈಪು. ಅದರ ತಳದಲ್ಲಿ, ಏರಿದ ನೀರು ವಾಪಸ್ ಸಂಪಿಗೆ ಇಳಿಯದ ಹಾಗೆ ತಡೆಯುವುದು ಫುಟ್ ವಾಲ್ವ್. ಪೈಪನ್ನು ಕೊಯ್ಯದೆ ಬಿಚ್ಚಿ ಮತ್ತೆ ಜೋಡಿಸಲು ಆಗುವ ಜಾಯಿಂಟ್ ಯೂನಿಯನ್. ಅಂಗಡಿಯವರು ಒಬ್ಬ ವಯಸ್ಸಾದವರ ನಂಬರ್ ಕೊಟ್ಟರು.

ಫೋನಿನಲ್ಲೇ ಎಲ್ಲಾ ಹೇಳಿದೆ: ಮೋಟಾರ್ ಎಷ್ಟು ಎಚ್‌ಪಿ, ಸಂಪು ಎಷ್ಟು ಆಳ, ಟ್ಯಾಂಕ್ ಎಷ್ಟು ದೊಡ್ಡದು, ಮೊದಲು ಎಷ್ಟು ನಿಮಿಷ, ಈಗ ಎಷ್ಟು. ಅವರು ತಿರುಗಿ ಕೇಳಿದ ಒಂದೇ ಪ್ರಶ್ನೆಗೆ ನನಗೆ ನಂಬಿಕೆ ಬಂತು. "ಬೆಳಿಗ್ಗೆ ಮೊದಲನೇ ಸಲ ಸ್ವಿಚ್ ಹಾಕಿದಾಗ ಎಷ್ಟೊತ್ತಿಗೆ ನೀರು ಬೀಳುತ್ತಮ್ಮ? ಸಂಜೆ ಹಾಕಿದಾಗ ಎಷ್ಟೊತ್ತಿಗೆ?" ಬೆಳಿಗ್ಗೆ ತುಂಬಾ ತಡ, ಒಮ್ಮೊಮ್ಮೆ ನಾನೇ ಮೋಟಾರ್‌ಗೆ ಚೊಂಬಿನಲ್ಲಿ ನೀರು ಹುಯ್ಯಬೇಕು ಅಂದೆ. "ಹಾಗಾದ್ರೆ ರಾತ್ರಿ ನೀರು ಕೆಳಗಿಳೀತಿದೆ. ಫುಟ್ ವಾಲ್ವ್ ಹಿಡೀತಿಲ್ಲ. ಇನ್ನೊಂದು ಕಡೆ ಏರ್ ಕೂಡ ಹಿಡೀತಿರಬೇಕು. ನಾಳೆ ಬರ್ತೀನಿ, ಬೆಳಿಗ್ಗೆನೇ ಸಂಪಿನ ಮುಚ್ಚಳ ತೆಗೆದಿಡಿ, ಮಕ್ಕಳು ಹತ್ರ ಬರದ ಹಾಗೆ ನೋಡ್ಕೊಳಿ" ಅಂದರು.

ಮರುದಿನ ಅವರು ಮಾಡಿದ ಪರೀಕ್ಷೆಯನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ಬಟ್ಟೆ ಸೋಪಿನ ತುಂಡು ಕೇಳಿದರು. ಅದನ್ನು ನೀರಿನಲ್ಲಿ ನೆನೆಸಿ ಅಂಗೈಯಲ್ಲಿ ಮಿದ್ದು ಹಿಟ್ಟಿನ ಹಾಗೆ ಮಾಡಿಕೊಂಡರು. ಮೋಟಾರ್ ಓಡುತ್ತಿರುವಾಗಲೇ ಸಕ್ಷನ್ ಪೈಪಿನ ಒಂದೊಂದು ಜಾಯಿಂಟಿಗೂ ಮೆತ್ತುತ್ತಾ ಬಂದರು. ಮೊದಲ ಎಲ್ಬೋಗೆ ಮೆತ್ತಿದರು, ಏನೂ ಬದಲಾಗಲಿಲ್ಲ. ಮೋಟಾರಿನ ಬಾಯಿಗೆ ಪ್ಲಾಸ್ಟಿಕ್ ಪೈಪ್ ಸೇರುವ ಥ್ರೆಡ್ಡಿನ ಹತ್ತಿರ ಮೆತ್ತಿದರು. ಒಂದು ಕಡೆ ಸೋಪು ಸಣ್ಣಗೆ ಗುಳಿ ಬಿದ್ದು ಒಳಗೆ ಹೋಯಿತು. ಇನ್ನಷ್ಟು ಒತ್ತಿ ಹಿಡಿದರು. ಅರ್ಧ ನಿಮಿಷಕ್ಕೆ ಮೇಲಿನಿಂದ ಮಗ ಕೂಗಿದ, "ಅಮ್ಮಾ, ಧಾರೆ ಸರಿಯಾಯ್ತು!"

ಕೂದಲೆಳೆಯಷ್ಟು ಬಿರುಕು. ಯಾವಾಗಲೋ ಯಾರೋ ಪಾನಾ ಹಾಕಿ ಜಾಸ್ತಿ ಬಿಗಿ ಮಾಡಿದ್ದರು. ಸಾಲದ್ದಕ್ಕೆ ಪೈಪಿನ ಭಾರವೆಲ್ಲ ಆ ಜಾಯಿಂಟಿಗೇ ಜೋತುಬಿದ್ದಿತ್ತು, ಮೋಟಾರ್ ಅದುರಿದಾಗೆಲ್ಲ ಅದೂ ಅದುರುತ್ತಿತ್ತು. ಅಲ್ಲಿ ಒಂದು ಹನಿ ನೀರೂ ಸೋರುತ್ತಿರಲಿಲ್ಲ, ಅದಕ್ಕೇ ಯಾರ ಕಣ್ಣಿಗೂ ಬಿದ್ದಿಲ್ಲ. ನೀರನ್ನು ಮೇಲಿನ ಟ್ಯಾಂಕಿಗೆ ಒಯ್ಯುವ ಡೆಲಿವರಿ ಪೈಪ್ ಒಡೆದರೆ ನೀರು ಹೊರಗೆ ಚಿಮ್ಮುತ್ತದೆ. ಸಕ್ಷನ್ ಪೈಪ್ ಬಿರುಕು ಬಿಟ್ಟರೆ ಗಾಳಿ ಒಳಗೆ ಹೋಗುತ್ತದೆ, ಹೊರಗೆ ಒಣಗಿಯೇ ಇರುತ್ತದೆ.

ಆಮೇಲೆ ಫುಟ್ ವಾಲ್ವ್. ಅವರು ಸಂಪಿಗೆ ಇಳಿಯಲಿಲ್ಲ, ನಾನೂ ಇಳಿಯಲು ಬಿಡುತ್ತಿರಲಿಲ್ಲ. ಮುಚ್ಚಿದ ಸಂಪಿಗೆ ಇಳಿದು ಉಸಿರುಕಟ್ಟಿ ಪ್ರಾಣ ಕಳೆದುಕೊಂಡವರ ಸುದ್ದಿ ಎಷ್ಟು ಸಲ ಓದಿಲ್ಲ ನಾವು? ಪೈಪು ಮುಚ್ಚಳದ ಪಕ್ಕದಲ್ಲೇ ಇಳಿದಿತ್ತು, ಹಾಗಾಗಿ ಮೇಲೆ ಬಿಚ್ಚಿ ಪೈಪನ್ನೇ ಹೊರಗೆಳೆದರು. ಮನೆ ಕಟ್ಟಿಸುತ್ತಿರುವವರು ದಯವಿಟ್ಟು ಇದೊಂದನ್ನು ನೋಡಿಕೊಳ್ಳಿ, ಪೈಪು ಸಂಪಿನ ಮೂಲೆಯಲ್ಲಿ ಇಳಿದರೆ ಇಷ್ಟು ಸುಲಭ ಆಗಲ್ಲ. ನಮ್ಮ ವಾಲ್ವಿನ ರಬ್ಬರ್ ಸವೆದು ಅಂಚಿನಲ್ಲಿ ಮರಳು ಕೂತಿತ್ತು. ಹೊಸ ಹಿತ್ತಾಳೆಯ ವಾಲ್ವ್ ಹಾಕಿ, ಪೈಪನ್ನು ಸ್ವಲ್ಪ ಗಿಡ್ಡ ಮಾಡಿ, ತಳದ ಕೆಸರು ಎಳೆಯದ ಹಾಗೆ ಮುಕ್ಕಾಲು ಅಡಿ ಮೇಲೆ ನಿಲ್ಲಿಸಿದರು. ಬಿರುಕಿನ ಜಾಗಕ್ಕೆ ಹಿತ್ತಾಳೆ ಥ್ರೆಡ್ ಇರುವ ಫಿಟ್ಟಿಂಗ್, ಒಂದು ಯೂನಿಯನ್. ಪೈಪಿನ ಭಾರ ಹೊರಲು ಗೋಡೆಗೆ ಎರಡು ಕ್ಲ್ಯಾಂಪ್.

ಮೋಟಾರಿನ ವೈರ್ ಜಾಯಿಂಟ್ ಟೇಪಿನಲ್ಲಿ ಸುತ್ತಿದ್ದನ್ನು ಅವರೇ ತೋರಿಸಿ, "ಇದು ನನ್ನ ಕೆಲಸ ಅಲ್ಲಮ್ಮ, ಎಲೆಕ್ಟ್ರಿಷಿಯನ್ ಕರೆಸಿ" ಅಂದರು. ಈ ಮಾತು ನನಗೆ ತುಂಬಾ ಹಿಡಿಸಿತು. ಎರಡು ದಿನದಲ್ಲಿ ಎಲೆಕ್ಟ್ರಿಷಿಯನ್ ಬಂದು ಅರ್ಥಿಂಗ್ ನೋಡಿ, ಕರೆಂಟ್ ಸೋರಿದ ತಕ್ಷಣ ತಾನಾಗೇ ಆಫ್ ಮಾಡುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಕೊಟ್ಟರು. ನೀರಿನ ಪಕ್ಕದ ಕರೆಂಟಿಗೆ ಇದು ಬೇಕೇ ಬೇಕು.

ಸಾಮಾನು, ಕೂಲಿ ಸೇರಿ 1,850 ರೂಪಾಯಿ. ಸಾಮಾನಿನ ದುಡ್ಡನ್ನು ಅಂದೇ ಕೊಟ್ಟೆ. ಕೂಲಿಯನ್ನು ಮರುದಿನ ಬೆಳಿಗ್ಗೆ ಕೊಡುತ್ತೇನೆ ಅಂತ ಮೊದಲೇ ಮಾತಾಡಿಕೊಂಡಿದ್ದೆ. ಫುಟ್ ವಾಲ್ವ್ ರಾತ್ರಿಯಿಡೀ ನೀರು ಹಿಡಿದು ನಿಲ್ಲಿಸಿತೋ ಇಲ್ಲವೋ ಬೆಳಿಗ್ಗೆಯೇ ಗೊತ್ತಾಗುವುದು. ಅವರೂ "ಅದೇ ಸರಿ" ಅಂದರು.

ಬೆಳಿಗ್ಗೆ ಆರಕ್ಕೆ ಸ್ವಿಚ್ ಹಾಕಿದೆ. ಹತ್ತು ಎಣಿಸುವಷ್ಟರಲ್ಲಿ ಮೇಲೆ ನೀರು ಬಿದ್ದ ಸದ್ದು. ಟ್ಯಾಂಕ್ ತುಂಬಿ ಹರಿಯುವವರೆಗೂ ಗಡಿಯಾರ ನೋಡುತ್ತಾ ಕೂತಿದ್ದೆ. ಅವರಿಗೆ ಫೋನ್ ಮಾಡಿ ದುಡ್ಡು ಕಳಿಸಿದೆ. ಆಮೇಲೆ ಮೋಟಾರ್ ಗೂಡಿನ ಬಾಗಿಲ ಒಳಗಡೆ ಮಾರ್ಕರ್‌ನಲ್ಲಿ ಬರೆದಿಟ್ಟೆ: ಹೊಸ ಫುಟ್ ವಾಲ್ವ್ ಹಾಕಿದ ತಾರೀಕು, ಅದರ ಕೆಳಗೆ "24 ನಿಮಿಷ".