ಮಗುವಿಗಾಗಿ ಅಕ್ಯುಪಂಕ್ಚರ್: ಸೂಜಿಗೆ ಮೊದಲು ದಿನ ಎಣಿಸಿ

ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆಯಿಂದ ಅಕ್ಯುಪಂಕ್ಚರ್‌ಗೆಂದು (ಮೈಯ ಬಿಂದುಗಳಿಗೆ ತೆಳು ಸೂಜಿ ಚುಚ್ಚುವ ಚೀನೀ ಚಿಕಿತ್ಸೆ) ಬೆಂಗಳೂರಿನ ಬಸ್ಸು ಹತ್ತುವ ದಂಪತಿ ಸಾಮಾನ್ಯವಾಗಿ ಎಡವುವುದು ಒಂದೇ ಕಡೆ. ನೆಂಟರೊಬ್ಬರು ಹೇಳಿದರೆಂದು ಹನ್ನೆರಡು ಸಿಟ್ಟಿಂಗಿನ ಪ್ಯಾಕೇಜಿಗೆ ದುಡ್ಡು ಕಟ್ಟಿರುತ್ತಾರೆ, ಹೆಂಡತಿಗೆ ಸೂಜಿ ಶುರುವಾಗಿರುತ್ತದೆ, ಗಂಡನ ವೀರ್ಯ ಪರೀಕ್ಷೆ ಮಾತ್ರ ಆಗಿರುವುದಿಲ್ಲ. ಅಕ್ಯುಪಂಕ್ಚರ್ ಮಾಡಿಸಿಕೊಳ್ಳಬಾರದೆಂದಲ್ಲ. ಸ್ತ್ರೀರೋಗ ತಜ್ಞರ ಚಿಕಿತ್ಸೆಯ ಜೊತೆಯಲ್ಲಿ, ದಿನ ನೋಡಿಕೊಂಡು ಮಾಡಿಸಿಕೊಳ್ಳಬೇಕು. ಅದರ ಬದಲಿಗೆ ಅಲ್ಲ.

ಮೊದಲು ಪರೀಕ್ಷೆ, ಇಬ್ಬರಿಗೂ

ಒಂದು ವರ್ಷ ಯಾವ ತಡೆಯೂ ಇಲ್ಲದೆ ಕೂಡಿದರೂ ಬಸಿರು ನಿಲ್ಲದಿದ್ದರೆ ಪರೀಕ್ಷೆ ಮಾಡಿಸಬೇಕು. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳೇ ಸಾಕು. ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಗಂಡಸಿನ ಕಡೆಯ ಕಾರಣವೂ ಸೇರಿರುತ್ತದೆ. ಆದ್ದರಿಂದ ಮೊದಲ ಪರೀಕ್ಷೆ ಗಂಡನದೇ ಆಗಲಿ. ನೋವಿಲ್ಲ, ಖರ್ಚೂ ಕಡಿಮೆ.

ಎರಡರಿಂದ ಏಳು ದಿನ ಸ್ಖಲನವಿಲ್ಲದೆ ಇದ್ದು ಮಾದರಿ ಕೊಡಬೇಕು. ಮನೆಯಲ್ಲಿ ಹಿಡಿದದ್ದು ಒಂದು ಗಂಟೆಯೊಳಗೆ, ಮೈಯ ಬಿಸಿಯಲ್ಲೇ ಲ್ಯಾಬ್ ಸೇರಬೇಕು. ಪಾವಗಡದಲ್ಲಿ ಹಿಡಿದು ಬಸ್ಸಿನಲ್ಲಿ ತುಮಕೂರಿಗೆ ತಂದ ಮಾದರಿಯ ರಿಪೋರ್ಟಿಗೆ ಅರ್ಥವಿಲ್ಲ, ದಾರಿಯಲ್ಲೇ ವೀರ್ಯಾಣು ಸೊರಗಿರುತ್ತವೆ. ಲ್ಯಾಬಿನಲ್ಲೇ ಕೊಡಿ. ಮಾಮೂಲಿ ಕಾಂಡೋಮಿನಲ್ಲಿ ಹಿಡಿಯಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಕೆಳಮಿತಿ ಒಂದು ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ಅದರಲ್ಲಿ ಚಲನೆಯಿರುವುದು ಶೇ 42. ಕಡಿಮೆ ಬಂದರೆ ಒಂದೇ ರಿಪೋರ್ಟಿಗೆ ಕಂಗೆಡದೆ ಇನ್ನೊಮ್ಮೆ ಮಾಡಿಸಿ. ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಘಟಕದಲ್ಲಿ ದಿನವಿಡೀ ಕುದಿನೀರಿನ ಬಾಣಲೆಯ ಮುಂದೆ ಇರುವವರು, ಟೊಮೆಟೊ, ದ್ರಾಕ್ಷಿಗೆ ಮಾಸ್ಕು ಗ್ಲೌಸಿಲ್ಲದೆ ಔಷಧಿ ಹೊಡೆಯುವವರು ಅದನ್ನು ಡಾಕ್ಟರಿಗೆ ತಾವಾಗಿಯೇ ಹೇಳಬೇಕು. ಶಾಖ, ಕೀಟನಾಶಕ ಎರಡೂ ವೀರ್ಯದ ಗುಣಮಟ್ಟ ಇಳಿಸಬಲ್ಲವು. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಹಿಡಿಯುವುದರಿಂದ ಇವತ್ತು ಅಭ್ಯಾಸ ಬದಲಿಸಿದರೆ ಫಲ ಕಾಣುವುದು ಮೂರು ತಿಂಗಳಿಗೆ. ಜಿಮ್ಮಿನಲ್ಲಿ ಯಾರಾದರೂ ‘ಗಂಡಸುತನಕ್ಕೆ’ ಎಂದು ಟೆಸ್ಟೋಸ್ಟೆರೋನ್ ಇಂಜೆಕ್ಷನ್ ಕೊಟ್ಟರೆ ಬೇಡವೇ ಬೇಡ. ಅದು ವೀರ್ಯಾಣು ಉತ್ಪತ್ತಿಯನ್ನೇ ನಿಲ್ಲಿಸಿಬಿಡಬಲ್ಲದು.

ಹೆಂಡತಿಗೆ ಬೇಕಾದ ಪರೀಕ್ಷೆಗಳು: ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನ್), ಎಎಂಎಚ್ (ಉಳಿದಿರುವ ಅಂಡಗಳ ಅಂದಾಜು), ಮುಟ್ಟಿನ ಎರಡು ಅಥವಾ ಮೂರನೇ ದಿನ ಎಫ್‌ಎಸ್‌ಎಚ್ (ಅಂಡ ಬೆಳೆಸುವ ಹಾರ್ಮೋನ್), ಗರ್ಭಕೋಶದ ಸ್ಕ್ಯಾನ್, ರಕ್ತ ನಿಂತ ಮೇಲೆ ಅಂಡ ಒಡೆಯುವ (ಅಂಡಾಶಯದಿಂದ ಹೊರಬರುವ) ಮೊದಲು ಗರ್ಭನಾಳದ ಎಚ್‌ಎಸ್‌ಜಿ ಎಕ್ಸ್‌ರೇ.

ಎರಡೂ ನಾಳ ಮುಚ್ಚಿದ್ದರೆ, ವೀರ್ಯದಲ್ಲಿ ಅಣುವೇ ಇಲ್ಲದಿದ್ದರೆ ಸೂಜಿಯಿಂದ ತೆರೆಯುವುದಿಲ್ಲ, ಹುಟ್ಟುವುದಿಲ್ಲ. ಹಾಗಿದ್ದಾಗ ನೇರವಾಗಿ 2021ರ ಎಆರ್‌ಟಿ (ನೆರವಿನ ಸಂತಾನ ತಂತ್ರಜ್ಞಾನ) ಕಾಯ್ದೆಯಡಿ ನೋಂದಣಿಯಾದ ಕೇಂದ್ರಕ್ಕೆ ಹೋಗಿ.

ಎಷ್ಟು ನಿರೀಕ್ಷಿಸಬೇಕು

ಅಕ್ಯುಪಂಕ್ಚರ್‌ಗೆ ಹೆಸರು ತಂದದ್ದು ಜರ್ಮನಿಯ 2002ರ ಅಧ್ಯಯನ. 160 ಮಹಿಳೆಯರಲ್ಲಿ ಐವಿಎಫ್‌ನ ಭ್ರೂಣ ವರ್ಗಾವಣೆಗೆ (ಲ್ಯಾಬಿನಲ್ಲಿ ಕೂಡಿಸಿದ ಭ್ರೂಣವನ್ನು ಗರ್ಭಕೋಶಕ್ಕೆ ಬಿಡುವುದು) ಮೊದಲೂ ನಂತರವೂ 25 ನಿಮಿಷ ಸೂಜಿ ಹಾಕಿದಾಗ ಶೇ 42.5 ಮಂದಿಗೆ ಗರ್ಭ ನಿಂತಿತು, ಹಾಕದವರಲ್ಲಿ ಶೇ 26.3. ಕ್ಲಿನಿಕ್ಕಿನ ಗೋಡೆಗಳಲ್ಲಿ ಕಾಣುವುದು ಇಂಥ ಅಂಕಿಯೇ. ಮುಂದೆ 2018ರಲ್ಲಿ ಆಸ್ಟ್ರೇಲಿಯ, ನ್ಯೂಜಿಲೆಂಡ್‌ನ 848 ಮಹಿಳೆಯರ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ ನಿಜವಾದ ಸೂಜಿಗೆ ಶೇ 18.3, ಚುಚ್ಚದ ಹುಸಿ ಸೂಜಿಗೆ ಶೇ 17.8 ಹೆರಿಗೆ. ವ್ಯತ್ಯಾಸವಿಲ್ಲವೆಂದೇ ಅರ್ಥ. ಚೀನಾದಲ್ಲೇ ಪಿಸಿಒಎಸ್ (ಹಾರ್ಮೋನ್ ಏರುಪೇರಿನಿಂದ ಅಂಡ ಸರಿಯಾಗಿ ಒಡೆಯದ ತೊಂದರೆ) ಇದ್ದ 1,000 ಮಹಿಳೆಯರ 2017ರ ಅಧ್ಯಯನದಲ್ಲೂ ಹೆರಿಗೆ ಹೆಚ್ಚಿಸಿದ್ದು ಅಂಡ ಬೆಳೆಸುವ ಕ್ಲೋಮಿಫೀನ್ ಮಾತ್ರೆ (ಶೇ 28.7, ಔಷಧಿಯಿಲ್ಲದ ಸಪ್ಪೆ ಮಾತ್ರೆಗೆ ಶೇ 15.4), ಸೂಜಿಯಲ್ಲ.

ಹಾಗಾದರೆ ಯಾಕೆ ಹೋಗಬೇಕು? ಒತ್ತಡ ಇಳಿಯಲು, ನಿದ್ದೆ ಬರಲು, ತಿಂಗಳುಗಟ್ಟಲೆ ಇಂಜೆಕ್ಷನ್ ಚಿಕಿತ್ಸೆಯನ್ನು ತಾಳಿಕೊಳ್ಳಲು. ಆ ಉಪಯೋಗ ಸಣ್ಣದಲ್ಲ. ಚೀನೀ ಪದ್ಧತಿಯ ವೈದ್ಯರು ‘ನಿಮ್ಮ ಕಿಡ್ನಿ ದುರ್ಬಲ’ ಎಂದರೆ ಗಾಬರಿ ಬೇಡ. ಅವರ ಶಾಸ್ತ್ರದಲ್ಲಿ ಕಿಡ್ನಿ ಎಂದರೆ ಸಂತಾನಶಕ್ತಿಯ ನೆಲೆ, ಮೂತ್ರಪಿಂಡದ ಕ್ರಿಯಾಟಿನಿನ್ ಪರೀಕ್ಷೆಗೂ ಅದಕ್ಕೂ ಸಂಬಂಧವಿಲ್ಲ.

ಯಾರ ಹತ್ತಿರ

ಬಿಎನ್‌ವೈಎಸ್ (ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನ) ಓದಿದವರಿಗೆ ಪದವಿಯಲ್ಲೇ ಅಕ್ಯುಪಂಕ್ಚರ್ ಪಾಠವಿರುತ್ತದೆ. ವೈದ್ಯರ ನೋಂದಣಿ ಸಂಖ್ಯೆ, ಕ್ಲಿನಿಕ್ಕಿನ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಎರಡನ್ನೂ ಕೇಳಿ. ಸೂಜಿಯ ಪ್ಯಾಕೆಟ್ಟು ನಿಮ್ಮ ಕಣ್ಣೆದುರೇ ಒಡೆಯಬೇಕು, ಬಳಸಿದ್ದು ಚುಚ್ಚಿ ಹೊರಬರದಂಥ ಬಿಳಿ ಡಬ್ಬಿಗೆ ಬೀಳಬೇಕು. ಸ್ಪಿರಿಟ್ಟಿನ ಬಟ್ಟಲಲ್ಲಿ ನೆನೆಹಾಕಿದ ಸೂಜಿ ಕಂಡರೆ ಎದ್ದು ಬನ್ನಿ, ಸ್ಪಿರಿಟ್ಟಿಗೆ ಹೆಪಟೈಟಿಸ್ ಬಿ ಸಾಯುತ್ತದೆಂದು ನಂಬಿ ಕೂರಬೇಡಿ. ಪ್ಯಾಕೇಜು ಬೇಡ, ಒಂದೊಂದು ಸಲಕ್ಕೆ ದುಡ್ಡು ಕೊಡಿ.

ದಿನದ ಲೆಕ್ಕ

ಪರೀಕ್ಷೆಗೆ ಹೊರಟವರೂ ಕೆಡಿಸಿಕೊಳ್ಳುವುದು ಇಲ್ಲಿ. ಚೆನ್ನಾಗಿ ಕೆಂಪು ರಕ್ತ ಹೋಗಲು ಶುರುವಾದ ದಿನವೇ ಒಂದನೇ ದಿನ. ಹಿಂದಿನ ದಿನ ಕಂಡ ಕಂದು ಕಲೆ ಲೆಕ್ಕಕ್ಕಿಲ್ಲ. ತಲೆಗೆ ನೀರು ಹಾಕಿಕೊಂಡ ದಿನದಿಂದ ಎಣಿಸುವವರೂ ಇದ್ದಾರೆ. ಹಾಗೆ ಎಣಿಸಿದರೆ ಮೂರ್ನಾಲ್ಕು ದಿನ ಹಿಂದೆ ಬಿದ್ದು ಎಲ್ಲ ಪರೀಕ್ಷೆಯೂ ತಪ್ಪುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲೇ ಗುರುತು ಹಾಕಿ. ಮೊಬೈಲ್ ಆ್ಯಪ್ ಹೇಳುವ ಅಂಡದ ದಿನ ಸರಾಸರಿಯ ಊಹೆ, ಮುಟ್ಟು ಏರುಪೇರಾಗುವವರಿಗೆ ಅದು ಕೆಲಸಕ್ಕೆ ಬಾರದು.

ಅಂಡ ಒಡೆಯುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. 28 ದಿನದ ಚಕ್ರವಾದರೆ 14ನೇ ದಿನದ ಆಸುಪಾಸು, 35 ದಿನದ ಚಕ್ರವಾದರೆ 21ನೇ ದಿನದ ಆಸುಪಾಸು. ‘21ನೇ ದಿನದ ಪ್ರೊಜೆಸ್ಟರೋನ್’ (ಅಂಡ ಒಡೆದ ಮೇಲೆ ಏರುವ ಹಾರ್ಮೋನ್) ಪರೀಕ್ಷೆ ಎಂದು ಚೀಟಿಯಲ್ಲಿ ಬರೆದಿದ್ದರೆ ಅದು 28 ದಿನದವರಿಗೆ. 35 ದಿನದವರು 28ನೇ ದಿನ ಕೊಡಬೇಕು. ಇಲ್ಲದಿದ್ದರೆ ಅಂಡ ಸರಿಯಾಗಿ ಒಡೆಯುತ್ತಿದ್ದರೂ ‘ಒಡೆದಿಲ್ಲ’ ಎಂದು ಬರುತ್ತದೆ, ಬೇಡದ ಮಾತ್ರೆ ಶುರುವಾಗುತ್ತದೆ. ಮೂತ್ರದ ಎಲ್‌ಎಚ್ (ಅಂಡ ಒಡೆಯಿಸುವ ಹಾರ್ಮೋನ್) ಪಟ್ಟಿಯಲ್ಲಿ ಗೆರೆ ಗಾಢವಾದರೆ 24ರಿಂದ 36 ಗಂಟೆಯೊಳಗೆ ಅಂಡ ಒಡೆಯುವ ನಿರೀಕ್ಷೆ. ಪಿಸಿಒಎಸ್ ಇದ್ದವರಿಗೆ ಎಲ್‌ಎಚ್ ಮೊದಲೇ ಹೆಚ್ಚಿರಬಹುದಾದ್ದರಿಂದ ಪಟ್ಟಿ ಸುಳ್ಳು ಹೇಳುತ್ತದೆ, ಅವರು ಅಂಡ ಬೆಳೆಯುವುದನ್ನು ನೋಡುವ ಫಾಲಿಕಲ್ ಸ್ಕ್ಯಾನನ್ನೇ ನಂಬಲಿ.

ಸೂಜಿಯನ್ನು ಈ ಲೆಕ್ಕಕ್ಕೆ ಹೊಂದಿಸಿ. ಮುಟ್ಟು ನಿಂತಾಗಿನಿಂದ ಅಂಡ ಒಡೆಯುವವರೆಗೆ ವಾರಕ್ಕೆ ಒಂದೆರಡು ಸಲ, ಪ್ರತಿ ಸಲ 20ರಿಂದ 30 ನಿಮಿಷ. ಈ ಅವಧಿಯಲ್ಲಿ ಹೊಕ್ಕುಳ ಕೆಳಗೆ ನಿಮ್ಮದೇ ನಾಲ್ಕು ಬೆರಳಗಲದಲ್ಲಿರುವ ಗ್ವಾನ್‌ಯುವಾನ್, ಒಳಗಿನ ಕಣಕಾಲ ಗಂಟಿನಿಂದ ನಾಲ್ಕು ಬೆರಳು ಮೇಲಿರುವ ಸಾನ್‌ಯಿನ್‌ಜಿಯಾವ್ ಮುಖ್ಯ ಬಿಂದುಗಳು. ಅಂಡ ಒಡೆದ ಮೇಲೆ ಹೊಟ್ಟೆಯ ಕೆಳಭಾಗಕ್ಕೆ ಸೂಜಿ ಬೇಡ. ಸಾನ್‌ಯಿನ್‌ಜಿಯಾವ್ ಮತ್ತು ಹೆಬ್ಬೆರಳು ತೋರುಬೆರಳ ನಡುವಿನ ಹೆಗು, ಬಸುರಿಗೆ ಚುಚ್ಚಬಾರದೆಂದು ಚೀನೀ ಶಾಸ್ತ್ರವೇ ಹೇಳುತ್ತದೆ. ಗರ್ಭ ನಿಂತಿದೆಯೋ ಇಲ್ಲವೋ ತಿಳಿಯದ ಆ ಎರಡು ವಾರ ನಿಮ್ಮನ್ನು ಬಸುರಿಯೆಂದೇ ಎಣಿಸಬೇಕು. ಆದ್ದರಿಂದ ಮಂಚದ ಮೇಲೆ ಮಲಗುವ ಮೊದಲು ಪ್ರತಿ ಸಲವೂ ಬಾಯಿಬಿಟ್ಟು ಹೇಳಿ: ‘ಡಾಕ್ಟ್ರೇ, ಇವತ್ತು ಹದಿನೆಂಟನೇ ದಿನ, ಎಗ್ ರಪ್ಚರ್ ಆಗಿ ಮೂರು ದಿನ ಆಯ್ತು.’ ತಿಂಗಳಿಡೀ ಒಂದೇ ಕಡೆ ಚುಚ್ಚುವವರು ಲೆಕ್ಕ ಇಟ್ಟಿಲ್ಲವೆಂದೇ ತಿಳಿಯಿರಿ.

ಐವಿಎಫ್‌ನಲ್ಲಿ ಭ್ರೂಣ ವರ್ಗಾವಣೆಯ ದಿನ ಕೇಂದ್ರದಲ್ಲೇ ಅಕ್ಯುಪಂಕ್ಚರ್ ಇದ್ದರೆ ಮಾಡಿಸಿಕೊಳ್ಳಿ. ಅದಕ್ಕಾಗಿ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಇನ್ನೊಂದು ಕ್ಲಿನಿಕ್ಕಿಗೆ ಓಡಬೇಡಿ, ಆ ದಾವಂತದಲ್ಲಿ ಸೂಜಿಯ ನೆಮ್ಮದಿ ಉಳಿಯುವುದಿಲ್ಲ.

ಸೂಜಿಯ ಹೊತ್ತು

ಹಸಿದ ಹೊಟ್ಟೆಯಲ್ಲಿ ಹೋದರೆ ತಲೆ ಸುತ್ತುತ್ತದೆ. ಎರಡು ಇಡ್ಲಿ ತಿಂದು ಹೋಗಿ. ಜೋಮು, ಭಾರ ಅನಿಸುವುದು ಸಹಜ. ಉರಿ, ಕರೆಂಟು ಹೊಡೆದಂಥ ನೋವಾದರೆ ತಕ್ಷಣ ಹೇಳಿ, ಸೂಜಿ ತೆಗೆದು ಬೇರೆ ಕಡೆ ಹಾಕುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಮೊದಲೇ ತಿಳಿಸಿ. ಸೂಜಿಯ ಜೊತೆ ‘ಮಾಕ್ಸಾ’ ಶಾಖ ಕೊಡುವುದುಂಟು. ನಮ್ಮ ಹೂವಿನವರು ಹಾರಕ್ಕೆ ಕಟ್ಟುವ ಮಾಚಿಪತ್ರೆಯ ಜಾತಿಯದೇ ಎಲೆ ಅದು. ಚರ್ಮ ಸುಡದಂತೆ ದೂರದಿಂದ ಹಿಡಿಯಬೇಕು, ಅಂಡ ಒಡೆದ ಮೇಲೆ ಹೊಟ್ಟೆಗೆ ಅದೂ ಬೇಡ.

ಚೀನೀ ಗಿಡಮೂಲಿಕೆ ಬೇಡ

ಇಂಜೆಕ್ಷನ್ ಚಿಕಿತ್ಸೆ ನಡೆಯುತ್ತಿರುವಾಗಂತೂ ಖಂಡಿತ ಬೇಡ. ಡಾಂಗ್ ಗುಯಿ ಎಂಬ ಬೇರು ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆಯ ಜೊತೆ ಸೇರಿದರೆ ರಕ್ತಸ್ರಾವ. ಹೆ ಶೌ ವು ಬೇರಿನಿಂದ ಲಿವರ್ ಕೆಟ್ಟವರಿದ್ದಾರೆ. ಗಂಡಸರು ಸಂಧಿನೋವಿಗೆ ತೆಗೆದುಕೊಳ್ಳುವ ಲೇ ಗಾಂಗ್ ಟೆಂಗ್ ಎಂಬ ಬಳ್ಳಿ ವೀರ್ಯಾಣು ಇಳಿಸುತ್ತದೆ. ಗಾನ್ ಚಾವ್ ಎಂದರೆ ನಮ್ಮ ಜೇಷ್ಠಮಧುವಿನ ಬಳಗ. ಆಯುರ್ವೇದದ ಕಷಾಯದಲ್ಲೂ ಅದಿದ್ದರೆ ಎರಡು ಪಟ್ಟಾಗಿ ಬಿಪಿ ಏರಿ ಪೊಟ್ಯಾಸಿಯಂ ಇಳಿಯುತ್ತದೆ. ಅರಿಸ್ಟೊಲೋಕಿಯ ಜಾತಿಯ ಬಳ್ಳಿ ಮೂತ್ರಪಿಂಡವನ್ನೇ ಹಾಳುಮಾಡುತ್ತದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಮಾತ್ರೆಯಲ್ಲಿ ಅದು ಬೆರೆತು ಹಲವು ಮಹಿಳೆಯರ ಕಿಡ್ನಿ ಹೋಯಿತು. ನಮ್ಮ ಈಶ್ವರಿ ಬಳ್ಳಿಯೂ ಅದೇ ಜಾತಿ. ಬೇರು ತೇಯ್ದು ಕುಡಿಸುವವರ ಮಾತು ಕೇಳಬೇಡಿ.

ಆನ್‌ಲೈನಿನಲ್ಲಿ ಸಿಗುವ, ಬಟ್ಟೆಯಲ್ಲಿ ಕಟ್ಟಿದ ಮೂಲಿಕೆ ಉಂಡೆಗಳನ್ನು ಯೋನಿಯೊಳಗೆ ಇಡಲೇಬೇಡಿ. ಒಳಗೆ ಉರಿ, ಸೋಂಕು ಆಗಬಹುದು. ಸೋಂಕು ನಾಳಕ್ಕೆ ಏರಿದರೆ ಇದ್ದ ದಾರಿಯೂ ಮುಚ್ಚುತ್ತದೆ. ಸೂಜಿಯ ಬದಲು ಕಿವಿಯ ಬಿಂದುಗಳಿಗೆ ಅಂಟಿಸುವ ಬೀಜದಿಂದ ಹಾನಿಯಿಲ್ಲ.

ಯಾವಾಗ ನಿಲ್ಲಿಸುವುದು

ಮೂರು ಚಕ್ರ ಸಾಕು. ನಿದ್ದೆ, ಮನಸ್ಸು ಹಗುರಾಗಿದ್ದರೆ ಮುಂದುವರಿಸಿ, ಇಲ್ಲವಾದರೆ ಬಿಡಿ. 35 ದಾಟಿದವರು ಸೂಜಿಗಾಗಿ ಐಯುಐ (ವೀರ್ಯವನ್ನು ನೇರ ಗರ್ಭಕೋಶಕ್ಕೆ ಬಿಡುವ ಚಿಕಿತ್ಸೆ), ಐವಿಎಫ್ ಮುಂದೂಡಬಾರದು.

ಅಂಡ ಒಡೆದ 14 ದಿನಕ್ಕೆ ಮೂತ್ರ ಪರೀಕ್ಷೆ ಮಾಡಿ. ಅಂಡ ಒಡೆಯಲು ಎಚ್‌ಸಿಜಿ (ಮೂತ್ರ ಪರೀಕ್ಷೆ ಹುಡುಕುವ ಗರ್ಭದ ಹಾರ್ಮೋನ್) ಇಂಜೆಕ್ಷನ್ ಕೊಟ್ಟಿದ್ದರೆ ಅದಕ್ಕೆ ಮೊದಲು ಮಾಡಬೇಡಿ, ಇಂಜೆಕ್ಷನ್ನೇ ಎರಡು ಗೆರೆ ತೋರಿಸುತ್ತದೆ. ಗೆರೆ ಎರಡು ಬಂದು ಕೆಳಹೊಟ್ಟೆಯ ಒಂದೇ ಕಡೆ ಜೋರು ನೋವು, ತಲೆಸುತ್ತು, ಭುಜದ ನೋವು ಬಂದರೆ ಗರ್ಭ ನಾಳದಲ್ಲಿ ನಿಂತಿರಬಹುದು. ಆಗ ಅಕ್ಯುಪಂಕ್ಚರ್‌ನವರಿಗೆ ಫೋನ್ ಮಾಡುತ್ತ ಕೂರದೆ, ರಾತ್ರಿಯಾದರೂ ಸರಿ, ಸ್ಕ್ಯಾನ್ ಮತ್ತು ಆಪರೇಷನ್ ಎರಡೂ ಇರುವ ಆಸ್ಪತ್ರೆಗೆ ಹೊರಡಿ.